ಯಾವ ಸೀಟಿನೊಳಗೋ ಒಂದು ಸೂಜಿ

ಅವಳನ್ನು ಎಲ್ಲರೂ ಸೀಟಮ್ಮ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು. ಆದರೆ ಆ ಹೆಸರು ಬ್ಯಾಂಕಿನವರಿಗೂ ಡಾಕ್ಟರಿಗೂ ಬಿಟ್ಟರೆ ಇನ್ಯಾರಿಗೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಆ ಹೆಸರು ಹಿಡಿದು ಕೂಗಿದರೆ ಅವಳೂ ಪಕ್ಕದವರ ಮುಖ ನೋಡುತ್ತಿದ್ದಳು.

ಮದುವೆಯಾಗಿ ಬಂದ ಮನೆಯ ಮುಂಭಾಗವೇ ಶೆಡ್ಡು. ಒಂದು ಮಗ್ಗುಲಲ್ಲಿ ಮಾವ ಕಾರಿನ ಸೀಟು ಹೊಲಿಯುತ್ತಿದ್ದರು, ಇನ್ನೊಂದು ಮಗ್ಗುಲಲ್ಲಿ ಗಂಡ ನೆಗ್ಗಿದ ತಗಡು ಬಡಿಯುತ್ತಿದ್ದ. ಹೊಸದರಲ್ಲಿ ಅವಳು ಒಳಗಿನ ಕೆಲಸ ಮುಗಿಸಿ ಬಾಗಿಲಿಗೆ ಒರಗಿ ನೋಡುತ್ತಾ ನಿಲ್ಲುತ್ತಿದ್ದಳು. ಒಂದು ದಿನ ಮಾವ ತಲೆಯೆತ್ತದೆ, "ಸುಮ್ನೆ ನಿಂತು ನೋಡೋ ಬದಲು ಈ ಬಟ್ಟೆ ತುದಿ ಹಿಡ್ಕೊಳಮ್ಮ" ಎಂದರು. ಹಿಡಿದ ತುದಿಯನ್ನು ಅವಳು ಆಮೇಲೆ ಬಿಡಲೇ ಇಲ್ಲ. ಮಾವ ಹೋದ ಮೇಲೆ ಶೆಡ್ಡಿನ ಆ ಮಗ್ಗುಲು ಅವಳದೇ ಆಯಿತು.

ಆಗಿನ ಕಾರಿನ ಸೀಟೆಂದರೆ ಈಗಿನ ಹಾಗೆ ಸ್ಪಂಜಿನ ಮುದ್ದೆಯಲ್ಲ. ಕೆಳಗೆ ಮರದ ಚೌಕಟ್ಟು, ಅದರ ಮೇಲೆ ಸಾಲಾಗಿ ಸ್ಪ್ರಿಂಗು, ಸ್ಪ್ರಿಂಗು ಅತ್ತಿತ್ತ ವಾಲದ ಹಾಗೆ ಹುರಿಯ ಕಟ್ಟು, ಅದರ ಮೇಲೆ ಗೋಣಿ, ಗೋಣಿಯ ಮೇಲೆ ನಾರು, ನಾರಿನ ಮೇಲೆ ಹತ್ತಿ, ಎಲ್ಲಕ್ಕೂ ಮೇಲೆ ನೆರಿಗೆ ಹಿಡಿದು ಹೊಲಿದ ಹೊದಿಕೆ. ನೆರಿಗೆಯನ್ನು ಮಿಶನ್ನಿನಲ್ಲಿ ಹೊಲಿಯಬಹುದು. ಆದರೆ ಗೋಣಿಯನ್ನು ಸ್ಪ್ರಿಂಗಿಗೆ ಬಿಗಿಯುವುದಕ್ಕೂ ಕೊನೆಯ ಅಂಚು ಮುಚ್ಚುವುದಕ್ಕೂ ಮಿಶನ್ನು ಬಗ್ಗುವುದಿಲ್ಲ. ಅದಕ್ಕೆ ಬೇಕಾದದ್ದು ಬಾಗಿದ ಸೂಜಿ, ಅರ್ಧ ಬಳೆಯ ಹಾಗೆ ಇರುವಂಥದ್ದು. ಅವಳ ಹತ್ತಿರ ಅಂಥವು ಎರಡಿದ್ದವು, ಚಿಕ್ಕದೊಂದು, ದೊಡ್ಡದೊಂದು. ದೊಡ್ಡದು ಮಾವನ ಕಾಲದ್ದು. ಬೆರಳು ತಾಗಿ ತಾಗಿ ಕಪ್ಪಾಗಿತ್ತು, ಮೊನೆ ಮಾತ್ರ ಮಿಂಚುತ್ತಿತ್ತು.

ಮಾವ ಬಾಯಿಮಾತಿನ ಮನುಷ್ಯರಲ್ಲ. ಅವರು ಬಾಯಿಬಿಟ್ಟು ಹೇಳಿಕೊಟ್ಟದ್ದು ಒಂದೇ ವಿಷಯ. ಸೂಜಿಯನ್ನು ಕೆಲಸದ ಮೇಲೆ ಚುಚ್ಚಿಡಬಾರದು. ಬಟ್ಟೆ ಹೊಲಿಯುವವರು ಬಟ್ಟೆಗೇ ಸಿಕ್ಕಿಸುತ್ತಾರೆ, ಅವರಿಗೆ ಅದು ಸರಿ, ಏಕೆಂದರೆ ಅವರ ಬಟ್ಟೆಗೆ ಒಳಗೆಂಬುದಿಲ್ಲ. ಸೀಟಿಗೆ ಒಳಗಿದೆ. ಒಳಗೆ ಹೋದ ಸೂಜಿ ಸುಮ್ಮನಿರುವುದಿಲ್ಲ, ಜನ ಕೂತಾಗಲೊಮ್ಮೆ ಎದ್ದಾಗಲೊಮ್ಮೆ ಚೂರು ಚೂರು ನಡೆಯುತ್ತದೆ. ಇವತ್ತು ಕೂತವನಿಗೆ ಏನೂ ಆಗದಿರಬಹುದು, ಇನ್ನೊಂದು ದಿನ ಕೂತವನಿಗೆ ಆಗುತ್ತದೆ. ಅದಕ್ಕೆ ಏಪ್ರನ್ನಿನ ಎದೆಯ ಮೇಲೆ ದಪ್ಪ ಉಣ್ಣೆಯ ತುಂಡೊಂದನ್ನು ಹೊಲಿದುಕೊಳ್ಳಬೇಕು. ಸೂಜಿ ಕೈಯಲ್ಲಿರಬೇಕು, ಇಲ್ಲವೇ ಆ ಉಣ್ಣೆಯ ಮೇಲಿರಬೇಕು. ಮೂರನೆಯ ಜಾಗವಿಲ್ಲ. ಹಿಂದೊಮ್ಮೆ ಸಾಯಂಕಾಲ ಚಿಕ್ಕ ಸೂಜಿ ಕಾಣದೆ, ಹೊಲಿದು ಮುಗಿಸಿ ಬಾಗಿಲ ಬಳಿ ಇಟ್ಟಿದ್ದ ಇಡೀ ಸೀಟನ್ನು ಮಾವ ಮತ್ತೆ ಬಿಚ್ಚಿಸಿದ್ದರು. ಕಾರಿನವನು ಹೊರಗೆ ನಿಂತು ಬಾಯಿಗೆ ಬಂದದ್ದು ಬಯ್ಯುತ್ತಿದ್ದ. ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಸೂಜಿ ನೆಲದ ಸಂದಿಯಲ್ಲಿ ಸಿಕ್ಕಿತು. ಆಗಲೂ ಅವರು "ಛೆ" ಎನ್ನಲಿಲ್ಲ.

ಬರಬರುತ್ತಾ ಕಾರುಗಳು ಬದಲಾದವು. ಸೀಟುಗಳು ಅಚ್ಚಿನಲ್ಲಿ ಎರಕವಾಗಿ ಬರತೊಡಗಿದವು. ಗಂಡನ ಕಿವಿ ತಗಡಿನ ಸದ್ದಿಗೆ ಪೂರ್ತಿ ಕೆಟ್ಟು ಅವನು ಸುತ್ತಿಗೆ ಕೆಳಗಿಟ್ಟ. ಅವಳು ಸ್ಕೂಟರಿನ ಸೀಟಿಗೆ ಕವರು ಹಾಕುತ್ತಾ, ಹರಿದ ಸೋಫಾಕ್ಕೆ ತೇಪೆ ಹಚ್ಚುತ್ತಾ ದಿನ ತಳ್ಳುತ್ತಿದ್ದಳು. ದೊಡ್ಡ ಸೂಜಿಗೆ ಕೆಲಸವೇ ಇರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮಹಡಿಯ ಮೇಲಿನಿಂದ ಅವಳ ತಂಗಿಯ ಮಗಳು ದಡದಡ ಮೆಟ್ಟಿಲಿಳಿದು ಬಂದಳು. ಓದಿಗೆಂದು ಬಂದವಳು ಮಹಡಿಯ ಕೋಣೆಯಲ್ಲೇ ನೆಲೆನಿಂತಿದ್ದಳು. ಮನೆ, ಅಂಗಡಿ, ಕಚೇರಿಗಳ ಒಳಾಂಗಣ ಹೇಗಿರಬೇಕೆಂದು ಯೋಜನೆ ಹಾಕುವುದು ಅವಳ ಕಸುಬು. ಅಲ್ಲಿಯವರೆಗೆ ಬೇರೆಯವರ ಕೈಕೆಳಗೆ ದುಡಿದಿದ್ದಳು.

"ದೊಡ್ಡಮ್ಮಾ, ನಂಗೇ ಅಂತ ಒಂದು ಕೆಲಸ ಬಂದಿದೆ! ಟ್ಯಾಕ್ಸಿ ಬುಕಿಂಗ್ ಆಫೀಸು. ಇಡೀ ಆಫೀಸು ಹಳೇ ಕಾರಿನ ಥರ ಇರಬೇಕಂತೆ."

"ಹಳೇ ಕಾರು ಅಂದ್ರೆ? ತುಕ್ಕು ಹಿಡಿದಿರೋದಾ?"

"ಅಯ್ಯೋ, ಅಲ್ಲ ಕಣೇ. ನೀನು ಮದುವೆಯಾದ ಕಾಲದ ಕಾರು. ದುಂಡು ದುಂಡು ಲೈಟು, ಹೊಳೆಯೋ ಪಟ್ಟಿ, ಉದ್ದ ಸೀಟು. ಸೀಟು ನೀನೇ ಮಾಡಬೇಕು. ನಿಜವಾದ ಸ್ಪ್ರಿಂಗು, ನಿಜವಾದ ನೆರಿಗೆ. ಸ್ಪಂಜು ಹಾಕಿದ್ರೆ ಕೂತ ತಕ್ಷಣ ಗೊತ್ತಾಗಿಬಿಡುತ್ತೆ."

ಗಂಡ ಅಲ್ಲೇ ಕೂತಿದ್ದ. ಇಬ್ಬರ ತುಟಿಗಳನ್ನೂ ನೋಡಿ, "ಯಾರಿಗೆ ಮದುವೆ?" ಎಂದ.

ಸೀಟಮ್ಮ ನಕ್ಕಳು. ಬಹಳ ದಿನದ ಮೇಲೆ ದೊಡ್ಡ ಸೂಜಿಯನ್ನು ತೆಗೆದು ಎಣ್ಣೆಬಟ್ಟೆಯಲ್ಲಿ ಒರೆಸಿದಳು.

ಆ ಕಚೇರಿಯನ್ನು ಮೊದಲು ನೋಡಿದಾಗ ಅದೊಂದು ಖಾಲಿ ಹಜಾರ, ಸಿಮೆಂಟಿನ ಧೂಳು, ಗೋಡೆಯಿಂದ ಇಣುಕುವ ವೈರುಗಳು. ನೋಡನೋಡುತ್ತಾ ಅದು ಬದಲಾಯಿತು. ನೆಲಕ್ಕೆ ಕಪ್ಪು ಬಿಳಿ ಚೌಕದ ಕಲ್ಲು ಬಂತು. ಗೋಡೆಯ ಕೆಳಗಿನ ಅರ್ಧ ಕಡುಹಸಿರು, ಮೇಲಿನ ಅರ್ಧ ಕೆನೆಬಣ್ಣ, ನಡುವೆ ಕಾರಿನ ಮೈಮೇಲೆ ಓಡುವಂಥ ಹೊಳೆಯುವ ಪಟ್ಟಿ. ಬಂದವರನ್ನು ಮಾತಾಡಿಸುವ ಮೇಜಿಗೆ ಕಾರಿನ ಮೂತಿಯನ್ನೇ ಕೂರಿಸಿದ್ದರು. ಜಾಲರಿಯ ಎರಡೂ ಪಕ್ಕ ದುಂಡು ದೀಪ, ಸ್ವಿಚ್ಚು ಒತ್ತಿದರೆ ಹಳದಿ ಬೆಳಕು. ವೇಗ ತೋರಿಸುವ ಮುಳ್ಳಿನ ತಟ್ಟೆಯೊಳಗೆ ಗಡಿಯಾರ. ಕೋಟು ನೇತುಹಾಕುವುದಕ್ಕೆ ಕಾರಿನ ಬಾಗಿಲ ಹಿಡಿಗಳು. ಒಳಗೆ ಮೀಟಿಂಗು ಕೋಣೆಯಲ್ಲಿ ಮೇಜಿನ ಎರಡು ಕಡೆ ಎದುರುಬದುರು ಉದ್ದ ಸೀಟು, ಹೊರಗೆ ಕಾಯುವವರಿಗೆ ಇನ್ನೊಂದು, ಟೀ ಕುಡಿಯುವ ಮೂಲೆಯಲ್ಲಿ ಮತ್ತೊಂದು. ಈ ಸೀಟುಗಳೆಲ್ಲ ಸೀಟಮ್ಮನ ಪಾಲಿನವು. ಹೊದಿಕೆಗೆ ಹುಡುಗಿ ಆರಿಸಿದ್ದು ಹಣ್ಣಾದ ನೇರಳೆಯಂಥ ಬಣ್ಣ, ಅಂಚಿಗೆ ಕೆನೆಬಣ್ಣದ ದುಂಡುಪಟ್ಟಿ.

ಶೆಡ್ಡಿನಲ್ಲಿ ಅಷ್ಟುದ್ದದ ಸೀಟು ಹಿಡಿಸುತ್ತಿರಲಿಲ್ಲ, ಕಚೇರಿಯ ಮೆಟ್ಟಿಲಲ್ಲಿ ತಿರುಗುತ್ತಲೂ ಇರಲಿಲ್ಲ. ಅಲ್ಲೇ ಹೋಗಿ ಹೊಲಿಯಬೇಕಾಯಿತು. ಹೊರಟ ಮೊದಲ ದಿನ ಕನ್ನಡಿಯ ಮುಂದೆ ನಿಂತು ಏಪ್ರನ್ನು ಹಾಕಿಕೊಂಡಳು. ಅಂಟಿನ ಕಲೆ, ಎಣ್ಣೆಯ ಕಲೆ, ಎದೆಯ ಮೇಲೆ ಜಿಡ್ಡುಗಟ್ಟಿದ ಉಣ್ಣೆಯ ತುಂಡು. ಅಲ್ಲಿ ಗಾಜಿನ ಬಾಗಿಲು, ಇಸ್ತ್ರಿ ಬಟ್ಟೆಯ ಜನ. ಹುಡುಗಿ ಹಾಕಿಕೋಬೇಡ ಎಂದೇನೂ ಹೇಳಿರಲಿಲ್ಲ. ಇವಳಿಗೇ ಒಂಥರಾ ಆಯಿತು. ಬಿಚ್ಚಿ ಮೊಳೆಗೆ ಹಾಕಿ, ಒಳ್ಳೆಯ ಬಟ್ಟೆ ಉಟ್ಟು, ಸೂಜಿಗಳನ್ನು ಒಂದು ಹಳೆಯ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡು ಹೋದಳು. ಡಬ್ಬಿಯಾದರೇನು, ಉಣ್ಣೆಯಾದರೇನು ಎಂದುಕೊಂಡಳು.

ಕೆಲಸ ಚೆನ್ನಾಗಿಯೇ ಸಾಗಿತು. ಮರೆತೇಹೋಗಿದೆ ಎಂದುಕೊಂಡ ಗಂಟುಗಳು ಕೈಗೆ ತಾವಾಗಿಯೇ ಬಂದವು. ಕಚೇರಿಯ ಯಜಮಾನ ಆಗಾಗ ಬಂದು ನಿಂತು ನೋಡುತ್ತಿದ್ದ. ನಡುವಯಸ್ಸಿನವನು, ಮಾತು ಕಡಿಮೆ, ಸಂತೋಷವಾದರೆ ಕಾರಿನ ಕೀಲಿಗೊಂಚಲನ್ನು ಬೆರಳಲ್ಲಿ ತಿರುಗಿಸುವ ಅಭ್ಯಾಸ. ಸೀಟಿನ ನೆರಿಗೆ ಮುಟ್ಟಿ ನೋಡಿ ಕೀಲಿ ತಿರುಗಿಸುತ್ತಾ ಹೋಗುತ್ತಿದ್ದ. ಅದೇ ಸಾಕೆನ್ನಿಸುತ್ತಿತ್ತು.

ಕೊನೆಯ ದಿನ ಮಾತ್ರ ಗಡಿಬಿಡಿ. ಫೋಟೋ ತೆಗೆಯುವವರು ಹೇಳಿದ್ದಕ್ಕಿಂತ ಬೇಗ ಬರುತ್ತಾರೆಂದು ಫೋನು ಬಂತು. ಇತ್ತ ದೀಪ ಕಟ್ಟುವವರು, ಅತ್ತ ಗಾಜು ಒರೆಸುವವರು. ಹುಡುಗಿ "ಕೊಡು ದೊಡ್ಡಮ್ಮಾ, ನಾನೂ ಒಂದು ಕೈ ಹಾಕ್ತೀನಿ" ಎಂದು ಕೂತಳು. ಸೀಟಮ್ಮ ಹೊದಿಕೆ ಎಳೆದು ಹಿಡಿದಳು, ಹುಡುಗಿ ಹತ್ತಿ ಸರಿಮಾಡಿದಳು. ನಡುನಡುವೆ ಇವಳ ಕೈಯ ಸೂಜಿ ಅವಳ ಕೈಗೆ, ಅವಳ ಕೈಯದು ಇವಳ ಕೈಗೆ. ನೆಲದ ಮೇಲಿನ ಚೂರುಬಟ್ಟೆ, ನಾರು, ದಾರ ಎಲ್ಲವನ್ನೂ ಯಾರೋ ಗುಡಿಸಿ ಮೂಟೆ ಕಟ್ಟಿ ಒಯ್ದರು. ಫೋಟೋದವರು ಒಳಗೆ ಬಂದಾಗ ಇವಳು ಚೀಲ ಎತ್ತಿಕೊಂಡು ಹಿಂದಿನ ಬಾಗಿಲಿಂದ ಹೊರಗೆ ಬಂದಳು.

ಮಾರನೆಯ ದಿನ ಪಕ್ಕದ ಮನೆಯವರ ಕುರ್ಚಿಯ ಕೆಲಸಕ್ಕೆಂದು ಡಬ್ಬಿ ತೆರೆದಳು. ಚಿಕ್ಕ ಸೂಜಿ ಇತ್ತು. ದೊಡ್ಡದಿರಲಿಲ್ಲ.

ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ಕತ್ತರಿ, ಸುತ್ತಿಗೆ, ಸೀಮೆಸುಣ್ಣ, ದಾರದುಂಡೆ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಉಟ್ಟಿದ್ದ ಬಟ್ಟೆಯನ್ನು ಮಡಿಕೆ ಮಡಿಕೆಯೂ ತಡವಿದಳು. ಚೀಲದ ಒಳಗಣ ಹೊಲಿಗೆಯನ್ನೇ ಬಿಚ್ಚಿದಳು. ಶೆಡ್ಡಿನ ನೆಲವನ್ನು ಕೈಯಲ್ಲಿ ಸವರುತ್ತಾ ಈ ಗೋಡೆಯಿಂದ ಆ ಗೋಡೆಗೆ ಹೋದಳು. ಇಲ್ಲ. ಗುಡಿಸಿ ಒಯ್ದ ಮೂಟೆಯಲ್ಲಿ ಹೋಗಿರಬಹುದೇ? ಹೋಗಿರಬಹುದು. ಹಾಗೇ ಹೋಗಿದ್ದರೆ ಎಷ್ಟು ಚೆನ್ನ. ಆದರೆ ಹೋಗಿದೆ ಎಂದು ಹೇಳುವವರು ಯಾರು?

ಗಂಡ ಬಾಗಿಲಲ್ಲಿ ನಿಂತು, "ಏನು ಹುಡುಕ್ತಿದೀಯ?" ಎಂದ.

ಇದೇ ಆ ಮನೆಯ ಕಷ್ಟ. ಗಂಡನಿಗೆ ಗುಟ್ಟು ಹೇಳುವ ಹಾಗಿರಲಿಲ್ಲ. ಹೇಳಬೇಕೆಂದರೆ ಕೂಗಬೇಕು, ಕೂಗಿದರೆ ಮಹಡಿಗೆ ಕೇಳುತ್ತದೆ, ಮಹಡಿಯ ಮೇಲೆ ಹುಡುಗಿ ಇದ್ದಾಳೆ. ಸೀಟಮ್ಮ ತೋರುಬೆರಳನ್ನು ಕೊಕ್ಕೆಯ ಹಾಗೆ ಬಾಗಿಸಿ ತೋರಿಸಿದಳು. ಆಮೇಲೆ ಎರಡೂ ಕೈ ಬಿಚ್ಚಿ 'ಇಲ್ಲ' ಎಂದಳು.

"ಕೊಡೆನಾ?" ಎಂದ ಗಂಡ.

ಅಲ್ಲವೆಂದು ತಲೆಯಾಡಿಸಿ, ಸೂಜಿಗೆ ದಾರ ಪೋಣಿಸುವ ಹಾಗೆ ಮಾಡಿ, ಮತ್ತೆ ಬೆರಳು ಬಾಗಿಸಿ, ಆಮೇಲೆ ಕುರ್ಚಿಯ ಮೇಲೆ ಕೂತು ಥಟ್ಟನೆ ಎದ್ದು ಹಿಂಭಾಗ ಹಿಡಿದುಕೊಂಡು ತೋರಿಸಿದಳು.

ಗಂಡ ಗಂಭೀರವಾಗಿ ನೋಡಿದ. "ಮೂಲವ್ಯಾಧಿಗೆ ಈಗ ಒಳ್ಳೆ ಮುಲಾಮು ಬಂದಿದೆಯಂತೆ. ಸಾಯಂಕಾಲ ತರ್ತೀನಿ ಬಿಡು" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ.

ಬೇರೆ ಯಾವಾಗಲಾದರೂ ಆಗಿದ್ದರೆ ಅವಳು ನಕ್ಕು ನಕ್ಕು ಸುಸ್ತಾಗುತ್ತಿದ್ದಳು. ಆಗ ನಗು ಬರಲಿಲ್ಲ. ಚಿಕ್ಕ ಸೂಜಿಯನ್ನು ಅಂಗೈ ಮೇಲಿಟ್ಟುಕೊಂಡು ನೋಡುತ್ತಾ ಕೂತಳು. ಕೊನೆಯ ದಿನ ಮುಚ್ಚಿದ್ದು ಯಾವ ಸೀಟು? ಹೊರಗಿನದು? ಟೀ ಮೂಲೆಯದು? ಎಲ್ಲದರ ಅಂಚನ್ನೂ ಒಂದಲ್ಲ ಒಂದು ಕಡೆ ಅವತ್ತೇ ಮುಚ್ಚಿದ್ದು. ದೊಡ್ಡ ಸೂಜಿಯನ್ನು ಕೊನೆಯ ಸಲ ಕೈಯಲ್ಲಿ ಹಿಡಿದದ್ದು ಯಾವಾಗ ಎಂದು ಎಷ್ಟು ನೆನೆದರೂ ಕಣ್ಣಿಗೆ ಕಟ್ಟಲಿಲ್ಲ. ಕೈ ನೆನಪಿತ್ತು, ಸೂಜಿ ನೆನಪಿರಲಿಲ್ಲ. ವಯಸ್ಸಾಯಿತೇನೋ ಎಂಬ ಮಾತು ಆಗ ಮೊದಲ ಸಲ ಒಳಗೆ ಬಂದು ಕೂತಿತು. ಏಳು ಎಂದರೆ ಏಳಲಿಲ್ಲ.

ಮಧ್ಯಾಹ್ನ ಏನೋ ನೆಪ ಹೇಳಿ ಕಚೇರಿಗೆ ಹೋದಳು. ಚೀಲದಲ್ಲಿ ಗಂಡನ ಹಳೆಯ ಅಯಸ್ಕಾಂತ ಇತ್ತು. ಸೀಟಿನ ಹತ್ತಿರ ತಂದದ್ದೇ ತಡ, ಒಳಗಿನ ಸ್ಪ್ರಿಂಗಿಗೆ ಕಚ್ಚಿಕೊಂಡು ಹೊದಿಕೆಗೆ ಟಪ್ಪೆಂದು ಅಂಟಿತು. ಎಲ್ಲಿ ಇಟ್ಟರೂ ಅಂಟಿತು. ಸೀಟಿನ ತುಂಬಾ ಉಕ್ಕೇ ಇರುವಾಗ ಒಂದು ಸೂಜಿಯನ್ನು ಅದು ಹೇಗೆ ತೋರಿಸೀತು?

ಆಮೇಲೆ ಉಳಿದದ್ದು ಅಂಗೈ. ಹೊರಗಿನ ಸೀಟಿನ ಒಂದು ತುದಿಯಿಂದ ಶುರುಮಾಡಿ ನೆರಿಗೆ ನೆರಿಗೆಯನ್ನೂ ಒತ್ತಿದಳು. ಒತ್ತಿದಾಗ ಅಂಗೈಗೆ ಚುಚ್ಚಲಿ ಎಂದು ಬೇಡಿಕೊಳ್ಳುತ್ತಾ ಒತ್ತಿದಳು. ಚುಚ್ಚಲಿಲ್ಲ. ಕೊನೆಗೆ ಕೂತು ನೋಡಿದಳು. ಒಂದಿಷ್ಟು ಸರಿದಳು, ಮತ್ತೆ ಕೂತಳು. ಮೇಜುಗಳನ್ನು ಜೋಡಿಸುತ್ತಿದ್ದ ಕಚೇರಿಯ ಹೆಣ್ಣುಮಕ್ಕಳಿಬ್ಬರು ನೋಡಿ ನಗತೊಡಗಿದರು.

"ಏನಮ್ಮಾ, ಒಬ್ಬರೇ ಇಡೀ ಬಸ್ಸಿನಷ್ಟು ಜನ ಕೂತ್ಕೋತಿದೀರಲ್ಲ!"

"ಮೆತ್ತಗಿದೆಯಾ ನೋಡ್ತಿದೀನಿ ಕಣಮ್ಮ."

"ನೀವೇ ಹೊಲಿದು ನಿಮಗೇ ಅನುಮಾನಾನಾ?"

ಆ ಮಾತು ನೆಟ್ಟಗೆ ಹೋಗಿ ನಾಟಬೇಕಾದ ಕಡೆ ನಾಟಿತು. ಅವಳು ಬಾಯಲ್ಲಿ ನಕ್ಕು ಮೀಟಿಂಗು ಕೋಣೆಗೆ ಹೋದಳು. ಅಲ್ಲಿಯ ಎರಡು ಸೀಟುಗಳ ಮೇಲೂ ಹಾಗೇ ಕೂತು, ಎದ್ದು, ಒತ್ತಿ ನೋಡಿದಳು. ಆಳು ಹಗುರ. ಸೀಟುಗಳು ಅವಳ ಭಾರಕ್ಕೆ ಅಷ್ಟಾಗಿ ಕುಸಿಯಲೂ ಇಲ್ಲ. ಬಾಗಿಲಲ್ಲಿ ಯಜಮಾನ ನಿಂತಿದ್ದ, ಕೀಲಿ ತಿರುಗಿಸುತ್ತಿದ್ದ.

"ಎಲ್ಲಾ ಸರಿಯಾಗಿದೆ ಅಲ್ವಾ?" ಎಂದ.

ಹೇಳಿಬಿಡಬೇಕೆಂದು ಬಾಯಿ ತೆರೆದಳು. ಹೇಳಿದರೆ ಏನೆಂದು ಹೇಳುವುದು? ಸೂಜಿ ಒಳಗಿದೆ ಎಂದೇ? ಇದೆಯೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಇಲ್ಲದ ಸೂಜಿಗೆ ಎಲ್ಲ ಸೀಟುಗಳನ್ನೂ ಹರಿಯುವುದೇ? ನಾಡಿದ್ದು ಉದ್ಘಾಟನೆ. ಹುಡುಗಿಯ ಮೊದಲ ಕೆಲಸ.

"ಸರಿಯಾಗಿದೆ" ಎಂದಳು.

ಆ ಸಾಯಂಕಾಲ ಹುಡುಗಿಗಾದರೂ ಹೇಳಿಬಿಡೋಣವೆಂದು ಮೆಟ್ಟಿಲ ಕೆಳಗೆ ಕಾದಳು. ಹುಡುಗಿ ಬಂದವಳು ಮಾತಿಗೆ ಎಡೆಯನ್ನೇ ಕೊಡಲಿಲ್ಲ. ಫೋಟೋಗಳನ್ನು ನೋಡಿ ಒಬ್ಬ ಹಲ್ಲಿನ ಡಾಕ್ಟರಮ್ಮ ಫೋನು ಮಾಡಿದ್ದಳಂತೆ. ಅವಳ ಆಸ್ಪತ್ರೆಯಲ್ಲಿ ಕಾಯುವ ಜಾಗಕ್ಕೂ ಇಂಥದೇ ಸೀಟು ಬೇಕಂತೆ, ಉದ್ಘಾಟನೆಗೆ ಬಂದು ಕೂತು ನೋಡುತ್ತಾಳಂತೆ.

"ಯಾರು ಮಾಡಿದ್ದು ಅಂತ ಕೇಳಿದ್ರು ದೊಡ್ಡಮ್ಮಾ. ನಮ್ಮ ದೊಡ್ಡಮ್ಮ, ಅವಳ ಕೈ ಇನ್ನೂ ಹದಿನಾರರದ್ದು ಅಂದೆ. ಯಾಕೆ, ಏನೋ ಹೇಳಕ್ಕೆ ಬಂದೆಯಲ್ಲ?"

"ಏನಿಲ್ಲ. ಊಟ ಆಯ್ತಾ ಅಂತ."

"ನೀನೇ ಊಟ ಮಾಡಿದ ಹಾಗೆ ಕಾಣಲ್ಲ. ಮುಖ ನೋಡು, ಹಿಂಡಿದ ಬಟ್ಟೆ ಆಗಿದೆ."

ತಟ್ಟೆಯ ಅನ್ನವನ್ನು ಅವಳು ನಿಜವಾಗಿಯೂ ಹಾಗೇ ಮುಚ್ಚಿಟ್ಟಿದ್ದಳು. ಕಣ್ಣು ಮುಚ್ಚಿದರೆ ಸಾಕು, ಹತ್ತಿಯ ಒಳಗೆ ಕಪ್ಪಗೆ ಬಾಗಿದ್ದೊಂದು ಮೆಲ್ಲಗೆ ತಿರುಗಿ ಮೇಲಕ್ಕೆ ನೋಡುತ್ತಿತ್ತು. ಬೆಳಗಾದರೂ ಅದೇ. ಬೀದಿಯಲ್ಲಿ ಯಾರಾದರೂ ಬೆಂಚಿನ ಮೇಲೆ ಕೂತರೆ ಕೂತವರ ಮುಖವನ್ನೇ ನೋಡುತ್ತಿದ್ದಳು. ಗಂಡ ಮುಲಾಮು ತಂದುಕೊಟ್ಟ. ಬೇಡವೆನ್ನುವುದಕ್ಕೂ ಕೂಗಬೇಕು, ಸುಮ್ಮನೆ ಇಸಿದುಕೊಂಡಳು.

ಉದ್ಘಾಟನೆಯ ಬೆಳಿಗ್ಗೆ ಅವಳು ಹೋದದ್ದು ಒಂದೇ ಯೋಚನೆಯಿಂದ. ಮೊದಲು ಯಾರಾದರೂ ಕೂತು 'ಅಯ್ಯೋ' ಎಂದರೆ ತಾನು ಅಲ್ಲಿರಬೇಕು, ಬೈಗುಳ ಬೇರೆ ಯಾರ ಮೇಲೂ ಬೀಳಬಾರದು. ಅದು ಮಾತ್ರ ತಲೆಯಲ್ಲಿತ್ತು. ಹೋಗುವಾಗ ಕತ್ತರಿ, ಚಿಕ್ಕ ಸೂಜಿ, ದಾರ ಚೀಲಕ್ಕೆ ಹಾಕಿಕೊಂಡಳು. ಮೊಳೆಯಲ್ಲಿದ್ದ ಏಪ್ರನ್ನನ್ನೂ ಮಡಿಚಿಟ್ಟುಕೊಂಡಳು.

ಕಚೇರಿಯಲ್ಲಿ ಜನ ತುಂಬಿದ್ದರು. ದುಂಡು ದೀಪಗಳು ಹಳದಿಯಾಗಿ ಉರಿಯುತ್ತಿದ್ದವು. ಬಂದವರೆಲ್ಲ ಮೇಜಿನ ಮೇಲಿನ ರಬ್ಬರಿನ ಹಾರನ್ನನ್ನು ಒಮ್ಮೆ ಹಿಂಡಿಯೇ ಒಳಗೆ ಬರುತ್ತಿದ್ದರು. ಹಾರನ್ನು ಕೇಳಿದಾಗಲೆಲ್ಲ ಸೀಟಮ್ಮ ಬೆಚ್ಚುತ್ತಿದ್ದಳು. ಹೊರಗಿನ ಸೀಟಿನ ಮೇಲೆ ದಪ್ಪನೆಯ ಹೆಂಗಸೊಬ್ಬಳು ಕೂತಳು. ಸೀಟಮ್ಮ ಅವಳ ಮುಖವನ್ನೇ ನೋಡಿದಳು. ಹೆಂಗಸು ಕಾಲ ಮೇಲೆ ಕಾಲು ಹಾಕಿ ಆರಾಮಾಗಿ ಒರಗಿದಳು. ಆ ಪಕ್ಕ ಇನ್ನೊಬ್ಬರು ಕೂತರು. ಏನೂ ಆಗಲಿಲ್ಲ. ಟೀ ಮೂಲೆಯಲ್ಲಿ ಹಲ್ಲಿನ ಡಾಕ್ಟರಮ್ಮ ಕೂತು ನೆರಿಗೆಯ ಮೇಲೆ ಬೆರಳಾಡಿಸುತ್ತಿದ್ದಳು. ಅಲ್ಲೂ ಏನೂ ಆಗಲಿಲ್ಲ. ಮೂಟೆಯಲ್ಲೇ ಹೋಯಿತು, ಖಂಡಿತ ಮೂಟೆಯಲ್ಲೇ ಹೋಯಿತು ಎಂದು ಒಳಗೊಳಗೇ ಹೇಳಿಕೊಂಡಳು.

ಆಗ ಒಳಗಿನಿಂದ ಆ ಸದ್ದು ಕೇಳಿಸಿತು.

ಬೇರೆ ಯಾರಿಗೂ ಅದು ಕೇಳಿಸಿರಲಾರದು, ಕೇಳಿಸಿದರೂ ಏನೆಂದು ತಿಳಿದಿರಲಾರದು. ಸ್ಪ್ರಿಂಗು ಪೂರ್ತಿ ಕುಸಿದು ಪೂರ್ತಿ ಹಿಗ್ಗುವ ಸದ್ದು. ಮತ್ತೆ ಕುಸಿದು ಮತ್ತೆ ಹಿಗ್ಗುವ ಸದ್ದು. ಕೂತರೆ ಆ ಸದ್ದು ಬರುವುದಿಲ್ಲ. ಕುಣಿದರೆ ಬರುತ್ತದೆ.

ಜನರನ್ನು ಸರಿಸಿಕೊಂಡು ಓಡಿದಳು. ಮೀಟಿಂಗು ಕೋಣೆಯಲ್ಲಿ ಯಜಮಾನನ ಚಿಕ್ಕ ಮಗಳು ಕಾಲುಚೀಲದಲ್ಲಿ ಸೀಟಿನ ಮೇಲೆ ನಿಂತು ನೆಗೆಯುತ್ತಿದ್ದಳು. ಎರಡು ಕೈಯನ್ನೂ ಮುಂದೆ ಚಾಚಿ ಸ್ಟೇರಿಂಗು ತಿರುಗಿಸುತ್ತಾ, ಬಾಯಲ್ಲಿ "ಡರ್ರ್" ಎನ್ನುತ್ತಾ, ನೆಗೆದು ಕುಕ್ಕರಿಸಿ ಬೀಳುತ್ತಿದ್ದಳು, ಮತ್ತೆ ನೆಗೆಯುತ್ತಿದ್ದಳು.

ಸೀಟಮ್ಮ ಮಗುವನ್ನು ಗಾಳಿಯಲ್ಲೇ ಹಿಡಿದು ಎತ್ತಿ ನೆಲದ ಮೇಲೆ ನಿಲ್ಲಿಸಿದಳು. ಸ್ವಲ್ಪ ಜೋರಾಗಿಯೇ ನಿಲ್ಲಿಸಿದಳೆನ್ನಿ. ಮಗು ಒಂದು ಗಳಿಗೆ ಬಾಯಿ ತೆರೆದು ನೋಡಿ, ಆಮೇಲೆ ಕಚೇರಿ ಹಾರಿಹೋಗುವ ಹಾಗೆ ಅತ್ತಿತು.

ಯಜಮಾನ ಬಂದ, ಹುಡುಗಿ ಬಂದಳು, ಹಿಂದೆ ನಾಲ್ಕಾರು ಜನ ಬಂದರು.

"ಏನಮ್ಮಾ ಇದು! ಮಗು ಸೀಟಿನ ಮೇಲೆ ಹತ್ತಿದ್ರೆ ಏನಾಯ್ತು? ಹರಿದುಹೋಗುತ್ತಾ?" ಎಂದ ಯಜಮಾನ.

"ದೊಡ್ಡಮ್ಮಾ, ಏನು ಮಾಡ್ತಿದೀಯ ನೀನು!" ಎಂದು ಹುಡುಗಿ ಹಲ್ಲು ಕಚ್ಚಿ ಮೆಲ್ಲಗೆ ಅಂದಳು. ಅವಳ ಕಿವಿ ಕೆಂಪಾಗಿತ್ತು.

ಸೀಟಮ್ಮ ಎಲ್ಲರ ಕಡೆಗೂ ತಿರುಗಿದಳು. "ನನ್ನ ಸೂಜಿ ಒಂದು ಕಾಣ್ತಿಲ್ಲ. ದೊಡ್ಡದು, ಬಾಗಿರೋದು. ಯಾವ ಸೀಟಿನೊಳಗೆ ಇದೆಯೋ ಗೊತ್ತಿಲ್ಲ, ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಯಾರೂ ಎಲ್ಲೂ ಕೂರಬೇಡಿ. ಮೊನ್ನೆಯೇ ಹೇಳಬೇಕಿತ್ತು. ಹೇಳಲಿಲ್ಲ."

ಹೊರಗಿನ ಸೀಟಿನಿಂದ ಜನ ದಡಬಡ ಏಳುವುದು ಕೇಳಿಸಿತು. ಯಾರೋ ಏಳುವ ಅವಸರದಲ್ಲಿ ಟೀ ಚೆಲ್ಲಿದರು.

"ಬಾಗಿರೋದಾ?" ಎಂದಳು ಹುಡುಗಿ. "ಕಪ್ಪಗೆ, ಇಷ್ಟುದ್ದದ್ದು? ಅವತ್ತು ಫೋಟೋದವರು ಎರಡನೇ ಸಲ ಫೋನ್ ಮಾಡಿದ್ರಲ್ಲ, ಆಗ ಅದು ನನ್ನ ಕೈಯಲ್ಲಿತ್ತು. ಫೋನ್ ಎತ್ತಬೇಕಿತ್ತು. ಕೆಳಗಿಟ್ಟರೆ ಎಲ್ಲಾದರೂ ಕಳೆದುಹೋಗುತ್ತೆ ಅಂತ ಹತ್ತಿಗೆ ಚುಚ್ಚಿಟ್ಟೆ. ಮಾತಾಡಿ ಬರೋಷ್ಟರಲ್ಲಿ ನೀನು ಹೊದಿಕೆ ಎಳೆದಿದ್ದೆ. ನೀನು ತಗೊಂಡಿರ್ತೀಯ ಅಂದ್ಕೊಂಡೆ."

"ಯಾವ ಸೀಟು?"

ಹುಡುಗಿ ಬೆರಳು ತೋರಿಸಿದಳು. ಮಗು ಕುಣಿಯುತ್ತಿದ್ದ ಸೀಟೇ.

ಸೀಟಮ್ಮ ಚೀಲದಿಂದ ಏಪ್ರನ್ನು ತೆಗೆದು, ಒಳ್ಳೆಯ ಬಟ್ಟೆಯ ಮೇಲೆಯೇ ಕಟ್ಟಿಕೊಂಡಳು. ನೆಲದ ಮೇಲೆ ಕೂತು ಅಂಚಿನ ಹೊಲಿಗೆಯನ್ನು ಕತ್ತರಿಯ ತುದಿಯಿಂದ ಒಂದೊಂದಾಗಿ ಬಿಡಿಸಿದಳು. ತಾನೇ ಹಾಕಿದ ಗಂಟು, ಬಿಚ್ಚುವುದೂ ಕಷ್ಟ. ಹೊದಿಕೆಯನ್ನು ಹಿಂದಕ್ಕೆ ಮಡಿಚಿ, ಹತ್ತಿಯೊಳಗೆ ಬೆರಳಿಟ್ಟು, ಕಣ್ಣು ಮುಚ್ಚಿ, ಇರುವೆ ನಡೆಯುವಷ್ಟು ಮೆಲ್ಲಗೆ ಸರಿಸಿದಳು. ಸಿಕ್ಕಿತು. ಚುಚ್ಚಿಟ್ಟ ಕಡೆ ಇರಲಿಲ್ಲ, ಗೇಣುದ್ದ ಆಚೆ ಬಂದಿತ್ತು. ಬಾಗು ಕೆಳಗಾಗಿ ಮೊನೆ ಮೇಲಾಗಿತ್ತು. ಮೊನೆಗೂ ಹೊದಿಕೆಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಹತ್ತಿ ಉಳಿದಿತ್ತು.

ಯಜಮಾನ ಅದನ್ನು ನೋಡಿದ. ಬಗ್ಗಿ ಮಗುವನ್ನು ಎತ್ತಿಕೊಂಡು, ಅದರ ಅಂಗಾಲನ್ನು ತಿರುಗಿಸಿ ತಿರುಗಿಸಿ ನೋಡಿದ. ಏನೂ ಆಗಿರಲಿಲ್ಲ.

"ತಪ್ಪು ನನ್ನದು" ಎಂದಳು ಸೀಟಮ್ಮ.

"ಅವಳದಲ್ಲ ಸರ್, ನಂದು" ಎಂದಳು ಹುಡುಗಿ.

"ಸುಮ್ನಿರೇ. ಸೂಜಿ ನಂದು. ಲೆಕ್ಕ ಇಟ್ಕೋಬೇಕಾದವಳು ನಾನು."

"ಚುಚ್ಚಿದ್ದು ನಾನು!"

"ಇಬ್ಬರೂ ಮನೆಗೆ ಹೋಗಿ ಪಂಚಾಯ್ತಿ ಮಾಡ್ಕೊಳಿ" ಎಂದ ಯಜಮಾನ. ಅವನ ದನಿ ಏರಿರಲಿಲ್ಲ, ಅದೇ ಹೆಚ್ಚು ಹೆದರಿಕೆಯಾಗುವಂತಿತ್ತು. "ಒಳಗೆ ಇನ್ನೆಷ್ಟಿವೆ?"

"ಇದೊಂದೇ."

"ಮೊನ್ನೆ ಇದೇ ಕೋಣೆಯಲ್ಲಿ ನಾನು ಕೇಳಿದಾಗ ಎಲ್ಲಾ ಸರಿಯಾಗಿದೆ ಅಂದ್ರಿ."

ಅವನ ಜಾಗದಲ್ಲಿ ತಾನಿದ್ದರೂ ನಂಬುತ್ತಿರಲಿಲ್ಲ. ದೊಡ್ಡ ಸೂಜಿಯನ್ನು ಎದೆಯ ಮೇಲಿನ ಉಣ್ಣೆಗೆ ಸಿಕ್ಕಿಸಿ, ಚಿಕ್ಕದನ್ನೂ ಡಬ್ಬಿಯಿಂದ ತೆಗೆದು ಅದರ ಪಕ್ಕಕ್ಕೆ ಸಿಕ್ಕಿಸಿ, "ಎಲ್ಲಾ ಸೀಟೂ ಬಿಚ್ತೀನಿ. ನೀವೇ ನಿಂತು ನೋಡಿ" ಎಂದಳು.

ಉದ್ಘಾಟನೆಯ ಊಟವನ್ನು ಬಂದವರು ನಿಂತುಕೊಂಡೇ ಮುಗಿಸಿದರು. ಕೆಲವರು ಬೇಗ ಹೊರಟರು. ಹಲ್ಲಿನ ಡಾಕ್ಟರಮ್ಮ ಹೋಗುವಾಗ ಹುಡುಗಿಗೆ "ಫೋನ್ ಮಾಡ್ತೀನಿ" ಎಂದಳು. ಹಾಗೆಂದವರು ಮಾಡುವುದಿಲ್ಲವೆಂದು ಹುಡುಗಿಗೂ ಗೊತ್ತಿತ್ತು. ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟು ಬಂದು, ದೊಡ್ಡಮ್ಮನ ಎದುರು ನೆಲದ ಮೇಲೆ ಕೂತಳು. ಒಂದೊಂದೇ ಸೀಟಿನ ಅಂಚು ಬಿಡಿಸಿದ್ದಾಯಿತು. ಹತ್ತಿ ಎತ್ತಿ, ನಾರು ಕೆದರಿ, ಗೋಣಿ ತಡವಿ ನೋಡಿದ್ದಾಯಿತು. ಯಜಮಾನ ಕೋಟು ಬಿಚ್ಚಿ ತಾನೂ ಕೈ ಹಾಕಿ ನೋಡಿದ. ಇನ್ನೇನೂ ಇರಲಿಲ್ಲ. ಟೀ ಮೂಲೆಯ ಸೀಟಿನಲ್ಲಿ ಒಂದು ಸೀಮೆಸುಣ್ಣದ ಚೂರು ಸಿಕ್ಕಿತು. ಅದನ್ನೂ ಅವನು ತೆಗೆದು ಮೇಜಿನ ಮೇಲಿಟ್ಟ.

ಮುಚ್ಚುವ ಕೆಲಸ ಬಿಚ್ಚುವುದಕ್ಕಿಂತ ನಿಧಾನ. ಹುಡುಗಿ ಹೊದಿಕೆ ಎಳೆದು ಹಿಡಿದಳು. ಸೂಜಿ ಮುಟ್ಟಲಿಲ್ಲ, ಕೊಡು ಎಂದು ಕೇಳಲೂ ಇಲ್ಲ. ಒಮ್ಮೆ ಮಾತ್ರ, "ಮೊನ್ನೆ ಮೆಟ್ಟಿಲ ಹತ್ರ ಇದನ್ನೇ ಹೇಳಕ್ಕೆ ಬಂದಿದ್ದೆಯಾ?" ಎಂದಳು.

"ಹೂಂ."

"ಹೇಳಿದ್ರೆ ಅಲ್ಲೇ ನೆನಪಾಗ್ತಿತ್ತಲ್ಲೇ ನಂಗೆ!"

"ಹೇಳಿದ್ರೆ ನಿನ್ನ ದೊಡ್ಡಮ್ಮನಿಗೆ ವಯಸ್ಸಾಯ್ತು ಅಂತಿದ್ದೆ."

"ಆಗಿಲ್ವಾ ಮತ್ತೆ?" ಎಂದು ಹುಡುಗಿ ಮೂಗು ಒರೆಸಿಕೊಂಡಳು. "ಆಗಲಿ. ಆದ್ರೂ ಹೇಳಬೇಕಿತ್ತು."

ಬಿಸಿಲು ವಾಲುವ ಹೊತ್ತಿಗೆ ಮೀಟಿಂಗು ಕೋಣೆಯ ಕೊನೆಯ ಅಂಚು ಉಳಿದಿತ್ತು. ಯಜಮಾನನ ಮಗಳು ಮೇಜಿನ ಕೆಳಗಿಂದ ತೆವಳಿಕೊಂಡು ಬಂದು ಹತ್ತಿರ ಕೂತಳು. ಬೆಳಗಿನ ಸಿಟ್ಟು ಮರೆತಿದ್ದಳು, ಅಥವಾ ಸಿಟ್ಟಿಗಿಂತ ಸೂಜಿ ನೋಡುವ ಆಸೆ ದೊಡ್ಡದಿತ್ತು. ಸೂಜಿ ಒಳಗೆ ಹೋಗಿ ಹೊರಗೆ ಬರುವುದನ್ನೇ ನೋಡುತ್ತಿದ್ದಳು. ಸೀಟಮ್ಮ ಕೊನೆಯ ಗಂಟು ಹಾಕಿ, ದಾರ ಕತ್ತರಿಸಿ, ಸೂಜಿಯನ್ನು ಎದೆಗೆ ಸಿಕ್ಕಿಸಿದಳು. ಅಂಗೈಯಿಂದ ಎರಡನ್ನೂ ಮುಟ್ಟಿ ನೋಡಿಕೊಂಡಳು.

"ಅಜ್ಜಿ, ಈಗ ಕುಣೀಬಹುದಾ?" ಎಂದಿತು ಮಗು.

ಸೀಟಮ್ಮ ತಲೆಯೆತ್ತಿ ಯಜಮಾನನ ಕಡೆ ನೋಡಿದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಅವಳ ಮುಖವನ್ನೇ ನೋಡುತ್ತಿದ್ದ. ಹೇಳಬೇಕಾದವಳು ಅವಳೇ ಎಂಬಂತೆ ಕಾಯುತ್ತಿದ್ದ.

ಅವಳು ಸೀಟಿನ ಕಡೆ ನೋಡಿದಳು. ಒಳಗೆ ಸ್ಪ್ರಿಂಗಿದೆ, ಹುರಿಯಿದೆ, ಗೋಣಿಯಿದೆ, ನಾರಿದೆ, ಹತ್ತಿಯಿದೆ. ಬೇರೆ ಏನೂ ಇಲ್ಲ. ಇಲ್ಲವೆಂದು ಅವಳ ಬೆರಳಿಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿತ್ತು. ಎದೆಗೆ ಮಾತ್ರ ಇನ್ನೂ ಗೊತ್ತಾಗಿರಲಿಲ್ಲ.

"ಕುಣಿ" ಎಂದಳು.

ಮಗು ಹತ್ತಿತು. ಮೊದಲ ಸಲ ನೆಗೆದಾಗ ಸೀಟಮ್ಮ ಎರಡು ಕೈಯನ್ನೂ ಮುಂದೆ ಚಾಚಿದ್ದಳು. ಎರಡನೆಯ ಸಲವೂ ಚಾಚಿಯೇ ಇದ್ದಳು. ಮಗು ದಣಿದು ತಾನಾಗಿಯೇ ಕೂರುವವರೆಗೂ ಅವಳು ಆ ಕೈಗಳನ್ನು ಕೆಳಗಿಳಿಸಲಿಲ್ಲ.